ಕಿವಿಯಿಲ್ಲದ ಗಂಟು

ಗೂಳಿಕೊಪ್ಪಲಿನ ಜನ ಚಲುವಮ್ಮನಿಗೆ ಶಾಲು ಹೊದಿಸಿದ್ದು ಒಂದು ತಪ್ಪು ಗಂಟಿಗೆ. ಅದು ತಪ್ಪೆಂದು ಹೊದಿಸಿದವರಿಗೂ ಗೊತ್ತಿರಲಿಲ್ಲ, ಹೊದ್ದುಕೊಂಡವಳಿಗೂ ಗೊತ್ತಿರಲಿಲ್ಲ. ಹಾಲಿನ ಡೇರಿಯ ಮುಂದೆ ಶಾಮಿಯಾನ ಹಾಕಿದ್ದರು, ಮೈಕು ಕಟ್ಟಿದ್ದರು, ಪಾಂಡವಪುರದಿಂದ ಪೇಪರಿನವನೊಬ್ಬ ಬಂದು ಫೋಟೊ ಹಿಡಿದಿದ್ದ. ನಲವತ್ತಾರು ವರ್ಷದ ಚಲುವಮ್ಮ ಶಾಲಿನೊಳಗೆ ಬೆವರುತ್ತ, ಈ ಗಲಾಟೆ ಬೇಗ ಮುಗಿದರೆ ಹಾಲು ಕರೆಯಲು ಹೋಗಬಹುದಲ್ಲ ಎಂದುಕೊಂಡು ಕೂತಿದ್ದಳು. ಹಾಗಂತ ಖುಷಿಯಾಗಿರಲಿಲ್ಲ ಎಂದರೆ ಸುಳ್ಳು. ಆ ಶಾಲನ್ನು ಅವಳು ಇವತ್ತಿಗೂ ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದಿಲ್ಲ.

ಆದದ್ದು ಇಷ್ಟು. ಊರಿಗೆ ಬೆನ್ನು ಹಚ್ಚಿಕೊಂಡು ನಿಂತಿರುವುದು ಗೂಳಿಬೆಟ್ಟ. ಬೆಟ್ಟವೆಂದರೆ ಕಾಡಲ್ಲ, ಒಂದರ ಮೇಲೊಂದು ಕೂತ ಬೋಳುಬಂಡೆಗಳು, ನಡುವೆ ಅಲ್ಲಲ್ಲಿ ಕುರುಚಲು. ಭಾನುವಾರ ಬಂತೆಂದರೆ ಮೈಸೂರು, ಬೆಂಗಳೂರಿನ ಬೈಕುಗಳು ಬುಡದಲ್ಲಿ ಸಾಲುಗಟ್ಟುತ್ತವೆ. ಎರಡು ವರ್ಷದ ಕೆಳಗೆ, ಶಿವರಾತ್ರಿಗೆ ಸ್ವಲ್ಪ ಮುಂಚೆ, ಹಾಗೆ ಬಂದ ಮೂವರು ಕಾಲೇಜು ಹುಡುಗರು ತೆಂಕಣ ಬಂಡೆಯನ್ನು ಅರ್ಧ ಹತ್ತಿ, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ, ಒಂದು ಗೇಣು ಅಗಲದ ಅಂಚಿನ ಮೇಲೆ ಹಲ್ಲಿಗಳ ಹಾಗೆ ಅಂಟಿಕೊಂಡು ನಿಂತರು. ಹತ್ತುವಾಗ ಕೈಗೆ ಸಿಕ್ಕ ಹಿಡಿತ ಇಳಿಯುವಾಗ ಕಾಲಿಗೆ ಸಿಗುವುದಿಲ್ಲ ಎಂಬುದು ಮೇಕೆ ಮೇಯಿಸಿದ ಯಾರಿಗಾದರೂ ಗೊತ್ತು. ಪಾಪ, ಆ ಹುಡುಗರು ಮೇಕೆ ಮೇಯಿಸಿದವರಲ್ಲ. ಬಾಟಲಿಯ ನೀರು ಮುಗಿದಿತ್ತು, ಬಂಡೆ ಕಾವಲಿಯ ಹಾಗೆ ಕಾದಿತ್ತು, ಎಲ್ಲಿಗೆ ಹೋಗುತ್ತೇವೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮೇಕೆಗಳ ಜೊತೆ ಕೆಳಗಿದ್ದ ಚಲುವಮ್ಮ ಅವರನ್ನು ಕಂಡಳು. ಅಲ್ಲೇ ಇರಿ, ಅಲ್ಲಾಡಬೇಡಿ ಎಂದು ಕೂಗಿ ಹೇಳಿ, ಮನೆಗೆ ಓಡಿ ಬಾವಿಯ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಹಿಂಬದಿಯ ಮೇಕೆದಾರಿಯಲ್ಲಿ ನೆತ್ತಿಗೆ ಹತ್ತಿದಳು. ಅಲ್ಲಿದ್ದ ಬಸರಿ ಮರಕ್ಕೆ ಹಗ್ಗವನ್ನು ಎರಡು ಸುತ್ತು ಹಾಕಿ, ತುದಿಯಲ್ಲಿ ಕುಣಿಕೆ ಕಟ್ಟಿ ಇಳಿಬಿಟ್ಟಳು. ಒಬ್ಬೊಬ್ಬನೂ ಕಂಕುಳಿಗೆ ಸಿಕ್ಕಿಸಿಕೊಂಡ, ಒಬ್ಬೊಬ್ಬನನ್ನೂ ನಿಧಾನಕ್ಕೆ ನೆಲಕ್ಕೆ ಬಿಟ್ಟಳು. ಮೂರನೆಯವನು ಕೆಳಗೆ ಇಳಿದವನೇ ಅವಳಿದ್ದ ದಿಕ್ಕಿಗೆ ಉದ್ದಂಡ ನಮಸ್ಕಾರ ಹಾಕಿದ. ಇಷ್ಟಕ್ಕೆ ಶಾಲು, ಇಷ್ಟಕ್ಕೆ ಮೈಕು.

ಅವಳು ಕಟ್ಟಿದ ಗಂಟು ಯಾವುದು? ದಿನವೂ ಹಸು ಕಟ್ಟುವ ಕೊಟ್ಟಿಗೆ ಗಂಟು. ಅದರ ಕಥೆ ಅವಳ ಅತ್ತೆ ಚಿಕ್ಕಬೋರಮ್ಮನದು. ಚಿಕ್ಕಬೋರಮ್ಮ ಸೊಸೆಯಾಗಿ ಬಂದ ಹೊಸತರಲ್ಲಿ ಎತ್ತೊಂದು ಗೋದಲಿಗೆ ಕಾಲು ಸಿಕ್ಕಿಸಿಕೊಂಡು ಬಿತ್ತು, ಕತ್ತಿನ ಹಗ್ಗ ಬಿಗಿಯಿತು, ಗಂಟು ಬಿಚ್ಚಲು ಬರಲಿಲ್ಲ, ಕುಡುಗೋಲು ಹುಡುಕಿ ತರುವಷ್ಟರಲ್ಲಿ ಎತ್ತು ಸತ್ತುಹೋಗಿತ್ತು. ಅಂದಿನಿಂದ ಆ ಮನೆಯಲ್ಲಿ ಯಾವ ಗಂಟಾದರೂ ಒಂದೇ ಎಳೆತಕ್ಕೆ ಬಿಚ್ಚಬೇಕು. ಹಗ್ಗದ ತುದಿಯನ್ನು ಪೂರ್ತಿ ನುಗ್ಗಿಸದೆ, ಮಡಚಿ ತೂರಿಸಿ ಬಿಡಬೇಕು. ಗಂಟಿನ ಪಕ್ಕದಲ್ಲಿ ಒಂದು ಕಿವಿ ಉಳಿಯುತ್ತದೆ, ಕೆಳಗೆ ಬಾಲ ಜೋಲುತ್ತದೆ. ಹಸು ಎಷ್ಟೇ ಜಗ್ಗಲಿ, ಗಂಟು ಜಪ್ಪಯ್ಯ ಅನ್ನುವುದಿಲ್ಲ. ಬಾಲ ಎಳೆದರೆ ಸರ್ರನೆ ಬಿಚ್ಚಿ ಕೈಗೆ ಬರುತ್ತದೆ. ಚಲುವಮ್ಮ ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ಅವಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಅದನ್ನು ಕಲಿಸಿದ್ದಳು. ಇಪ್ಪತ್ತಾರು ವರ್ಷ, ದಿನಕ್ಕೆ ಎರಡು ಹೊತ್ತು, ನಾಲ್ಕು ರಾಸು. ಆ ಗಂಟು ಅವಳ ತಲೆಯಲ್ಲಿರಲಿಲ್ಲ, ಬೆರಳಲ್ಲಿತ್ತು.

ಶಾಲಿನ ಸುದ್ದಿ ಪೇಪರಿನಲ್ಲಿ ಓದಿಕೊಂಡು ಶ್ರೀರಂಗಪಟ್ಟಣದಿಂದ ರಘುನಂದನ್ ಬಂದ. ಬಂಡೆ ಹತ್ತುವುದನ್ನು ಕಲಿಸುವವನು, ಮೂವತ್ತೈದರ ಸುಮಾರಿನ ಕಡ್ಡಿ ಆಳು, ಮಾತು ಕಡಿಮೆ. ಅಕ್ಕ, ಆ ಗಂಟು ಒಮ್ಮೆ ತೋರಿಸಿ ಎಂದ. ಚಲುವಮ್ಮ ಜಂಬದಿಂದಲೇ ತೋರಿಸಿದಳು. ಅವನು ಬೂಸಾ ಮೂಟೆಯೊಂದಕ್ಕೆ ಅದೇ ಗಂಟು ಹಾಕಿಸಿ ಕೊಟ್ಟಿಗೆಯ ತೊಲೆಗೆ ನೇತುಹಾಕಿದ. ಮೂಟೆ ಗಟ್ಟಿಯಾಗಿಯೇ ನಿಂತಿತು. ಆಮೇಲೆ ಎರಡು ಬೆರಳಲ್ಲಿ ಬಾಲ ಹಿಡಿದು ಎಳೆದ. ಮೂಟೆ ಧೊಪ್ಪನೆ ಬಿದ್ದು ಒಡೆದು ಕೊಟ್ಟಿಗೆಯೆಲ್ಲ ಬೂಸಾ ಆಯಿತು.

"ಆ ಮೂರು ಹುಡುಗರ ಪೈಕಿ ಒಬ್ಬ ಸುಮ್ನೆ ಬಾಲ ಹಿಡ್ಕೊಂಡಿದ್ರೂ ಸಾಕಿತ್ತು ಅಕ್ಕ," ಎಂದ ರಘುನಂದನ್.

ಚಲುವಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಊರೇ ಹೊಗಳಿದ್ದನ್ನು ಈ ಕಡ್ಡಿ ಆಳು ಬಂದು ಬೂಸಾ ಮಾಡಿಬಿಟ್ಟನಲ್ಲ ಎಂದು. ಪೊರಕೆ ಹಿಡಿದು ಗುಡಿಸುತ್ತಲೇ ಇದ್ದಳು, ಅವನ ಮುಖ ನೋಡಲಿಲ್ಲ. ಗುಡಿಸಿ ಮುಗಿಯುವ ಹೊತ್ತಿಗೆ ಮೂರನೆಯ ಹುಡುಗ ಕೈಮುಗಿದು ಮಲಗಿದ್ದು ಕಣ್ಣಮುಂದೆ ಬಂತು. ಹಾಗಾದರೆ ಸರಿಯಾದದ್ದು ಯಾವುದು, ಕಲಿಸು ಎಂದಳು. ರಘುನಂದನ್ ಇದನ್ನೇ ಕೇಳಲು ಬಂದವನ ಹಾಗೆ ಚೀಲದಿಂದ ಹಗ್ಗ ತೆಗೆದ.

ಅವತ್ತಿನಿಂದ ಅವಳಿಗೆ ಹಿಡಿದ ಹುಚ್ಚು ಅಷ್ಟಿಷ್ಟಲ್ಲ.

ರಘುನಂದನ್ ಸುತ್ತಲ ಊರುಗಳ ಆರು ಜನಕ್ಕೆ ಭಾನುವಾರದ ಪಾಠ ಶುರುಮಾಡಿದ. ಒಮ್ಮೆ ಕುಂತಿಬೆಟ್ಟದಲ್ಲಿ, ಒಮ್ಮೆ ಗೂಳಿಬೆಟ್ಟದಲ್ಲಿ. ಕಡೆಗೆ ಪರೀಕ್ಷೆ, ಪಾಸಾದವರಿಗೆ ಪತ್ರ. ಪತ್ರವಿದ್ದವರು ಮಾತ್ರ ಬೆಟ್ಟಕ್ಕೆ ಬಂದವರಿಗೆ ಹಗ್ಗ ಕಟ್ಟಿ ಇಳಿಸಬಹುದು, ಇಲ್ಲದವರು ಚೀಲ ಹೊರಬಹುದು ಅಷ್ಟೆ. ಮದುವೆಯಾಗಿ ಬಂದಾಗಿನಿಂದ ತನ್ನದೆಂದುಕೊಂಡ ಬೆಟ್ಟದಲ್ಲಿ ಇನ್ನೊಬ್ಬರ ಚೀಲ ಹೊರುವುದು ಚಲುವಮ್ಮನಿಗೆ ಬೇಕಿರಲಿಲ್ಲ. ಹಗ್ಗ ಹಿಡಿಯಬೇಕು, ತಾನೇ ಹಿಡಿಯಬೇಕು. ಯಾವುದನ್ನೂ ಇಷ್ಟು ಬಯಸಿದ್ದು ಅವಳಿಗೆ ನೆನಪಿರಲಿಲ್ಲ.

ಅರ್ಧ ಪಾಠ ಅವಳಿಗೆ ಮೊದಲೇ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ಬಂಡೆಯ ಮೇಲೆ ನೀರು ಹರಿದ ಕಪ್ಪು ಗೆರೆಯ ಮೇಲೆ ಕಾಲಿಟ್ಟರೆ ಜಾರುತ್ತದೆ. ಹಿಡಿಯುವ ಮುಂಚೆ ಕಲ್ಲನ್ನು ತಟ್ಟಬೇಕು, ಟೊಳ್ಳು ಸದ್ದು ಬಂದರೆ ನಂಬಬಾರದು. ಹುಲ್ಲಿನ ಬುಡ ಹಿಡಿದು ಹತ್ತಬಾರದು. ಎರಡು ಕೈ, ಎರಡು ಕಾಲಿನಲ್ಲಿ ಒಂದು ಸಲಕ್ಕೆ ಒಂದನ್ನೇ ಎತ್ತಬೇಕು. ಇದನ್ನೆಲ್ಲ ಅವಳು ಹೇಳುತ್ತಿದ್ದರೆ ಕಿಕ್ಕೇರಿಯಿಂದ ಬರುತ್ತಿದ್ದ ಪ್ರಿಯಾಂಕ ಎಂಬ ಹುಡುಗಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಪ್ರಿಯಾಂಕ ಡಿಗ್ರಿ ಮುಗಿಸಿದವಳು, ಕೋತಿಯ ಹಾಗೆ ಬಂಡೆ ಹತ್ತುವವಳು, ಆದರೆ ಚಲುವಮ್ಮನ ಎದುರಿಗೆ ಮಾತ್ರ ದನಿ ಎತ್ತುತ್ತಿರಲಿಲ್ಲ. ಊಟದ ಡಬ್ಬಿ ಬಿಚ್ಚಿದರೂ ಮೊದಲ ತುತ್ತು ಅಕ್ಕನಿಗೆ.

ಬರದೇ ಇದ್ದದ್ದು ಚಪ್ಪಲಿ ಬಿಟ್ಟು ಬೂಟು ಹಾಕುವುದು, ತಲೆಗೆ ಹೆಲ್ಮೆಟ್ಟು ಏರಿಸುವುದು, ಮತ್ತು ಎಂಟರ ಗಂಟು. ಹಗ್ಗವನ್ನು ಇಂಗ್ಲಿಷಿನ ಎಂಟರ ಹಾಗೆ ತಿರುಗಿಸಿ, ಸೊಂಟದ ಪಟ್ಟಿಯೊಳಗೆ ತೂರಿಸಿ, ಬಂದ ದಾರಿಯಲ್ಲೇ ತುದಿಯನ್ನು ವಾಪಸು ನಡೆಸಬೇಕು. ಅದಕ್ಕೆ ಕಿವಿ ಇರುವುದಿಲ್ಲ. ಬಾಲ ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಎಂಟು ತಿರುಗಿಸುವವರೆಗೆ ಕೈ ಹೇಳಿದ ಮಾತು ಕೇಳುತ್ತಿತ್ತು. ಕೊನೆಯ ತೂರಿಕೆ ಬಂತೋ, ಬೆರಳು ತಾನಾಗಿಯೇ ಹಗ್ಗ ಮಡಚಿ ಕಿವಿ ಬಿಟ್ಟುಬಿಡುತ್ತಿತ್ತು. ಚಲುವಮ್ಮ ತನ್ನ ಕೈಗೇ ಬೈಯುತ್ತಿದ್ದಳು. ಸೀರೆ ಸೆರಗಿಗೆ ಕಟ್ಟಿದಳು, ಮೊಬೈಲಿನ ಚಾರ್ಜರಿಗೆ ಕಟ್ಟಿದಳು. ಒಂದು ದಿನ ಗಂಡ ನಂಜಪ್ಪನ ಬುತ್ತಿಯ ಬಟ್ಟೆಗೂ ಕಟ್ಟಿ ಕಳಿಸಿದಳು. ಕಬ್ಬಿನ ಗದ್ದೆಯಲ್ಲಿ ಹಸಿದು ಕೂತ ನಂಜಪ್ಪ ಬಾಲ ಎಳೆದೂ ಎಳೆದೂ, ಹಲ್ಲಿನಿಂದ ಕಚ್ಚಿ, ಕಡೆಗೆ ಬುತ್ತಿಯನ್ನು ಹಾಗೇ ಎತ್ತಿಕೊಂಡು ಒಂದೂವರೆ ಮೈಲಿ ನಡೆದು ಮನೆಗೆ ಬಂದ. ಬಿಚ್ಚಿಕೊಡು ಎಂದು ಮುಂದಿಟ್ಟವನ ಮುಖ ನೋಡಿ ಅತ್ತೆ ಸೊಸೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆರು ತಿಂಗಳಾದ ಮೇಲೆ ಪರೀಕ್ಷೆಯ ದಿನ ಗೊತ್ತಾಯಿತು, ಧನುರ್ಮಾಸದ ಒಂದು ಭಾನುವಾರ. ಅದಕ್ಕೆ ರಘುನಂದನ್ ಒಂದು ನಿಯಮ ಹಾಕಿದ್ದ. ನಲವತ್ತು ಅಡಿ ಬಂಡೆಯಿಂದ ಒಬ್ಬರನ್ನು ಇಳಿಸಬೇಕು, ಆ ಒಬ್ಬರು ಅವರವರ ಮನೆಯವರೇ ಆಗಿರಬೇಕು. ಪರರನ್ನು ಕಟ್ಟುವಾಗ ಕೈಗೆ ಎಷ್ಟು ಭಯವಿರಬೇಕೋ ಅದು ಮನೆಯವರನ್ನು ಕಟ್ಟಿದರೇ ತಿಳಿಯುವುದು ಎಂಬುದು ಅವನ ಲೆಕ್ಕ.

ನಂಜಪ್ಪ ಸುತರಾಂ ಒಪ್ಪಲಿಲ್ಲ. ಆಳು ತೊಂಬತ್ತು ಕೆ.ಜಿ., ತೆಂಗಿನಮರಕ್ಕೂ ಕೂಲಿಯವರನ್ನೇ ಹತ್ತಿಸುವವನು. ಹಸು ಗೌರಿ ಇವತ್ತೋ ನಾಳೆಯೋ ಕರು ಹಾಕುವಂತಿದೆ ಎಂಬ ನೆಪವೂ ಇತ್ತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ ಚಿಕ್ಕಬೋರಮ್ಮ ತಲೆಯೆತ್ತದೆ ಹೇಳಿದಳು.

"ಅವ್ನು ಬರ್ದಿದ್ರೆ ಓಗ್ಲಿ ಬುಡವ್ವ. ನಾನೇ ಬತ್ತೀನಿ. ಎಪ್ಪತ್ನಾಕಾಯ್ತು, ಇನ್ನೇನ್ ನೋಡೋದದೆ."

ತಾಯಿ ಹಗ್ಗದಲ್ಲಿ ನೇತಾಡುವುದನ್ನು ಊರು ನೋಡುತ್ತದೆಂದು ನೆನೆದೇ ನಂಜಪ್ಪನ ಮೀಸೆ ಇಳಿಯಿತು. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೊರಟು ನಿಂತವನು ಅವನೇ.

ಗೂಳಿಬೆಟ್ಟದ ತಲೆಯಲ್ಲಿ ಏಳು ಗಂಟೆಗೆ ಇನ್ನೂ ಮಂಜಿತ್ತು. ರಘುನಂದನ್ ಕೆಳಗೆ ಬಂಡೆಯ ಬುಡದಲ್ಲಿ ಸೀಟಿ ಕಟ್ಟಿಕೊಂಡು ನಿಂತಿದ್ದ. ಮೇಲೆ ಚಲುವಮ್ಮ, ನಂಜಪ್ಪ, ಮತ್ತು ಪ್ರಿಯಾಂಕ. ಪ್ರಿಯಾಂಕಳಿಗೂ ಅದು ಪರೀಕ್ಷೆಯೇ: ಚಲುವಮ್ಮ ಕಟ್ಟಿದ ಪ್ರತಿಯೊಂದನ್ನೂ ಅವಳು ಮುಟ್ಟಿ, ಎಳೆದು ನೋಡಿ, ಸರಿ ಎಂದು ಕೂಗಿದ ಮೇಲೆಯೇ ಆಳನ್ನು ಅಂಚಿನಿಂದಾಚೆ ಬಿಡಬೇಕು. ಚಲುವಮ್ಮ ಮಂಡಿಯೂರಿ ಬಂಡೆಯ ಮೇಲೆ ಅಂಗೈ ಆಡಿಸಿದಳು. ಇಬ್ಬನಿ ಅಂಟಿತು. ಅರ್ಧ ಗಂಟೆ ಕಾಯಬೇಕು, ಬಿಸಿಲು ಬಿದ್ದು ಕಲ್ಲು ಒಣಗಲಿ ಎಂದು ಕೆಳಕ್ಕೆ ಕೂಗಿ ಹೇಳಿದಳು. ಕೆಳಗೆ ರಘುನಂದನ್ ಏನೋ ಬರೆದುಕೊಂಡದ್ದು ಕಾಣಿಸಿತು. ಅವಳ ಎದೆ ಜಾತ್ರೆಗೆ ಹೊರಟ ಹುಡುಗಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಬಿಸಿಲು ಬಂತು. ಬಂಡೆಗೆ ಹೊಡೆದಿದ್ದ ಎರಡು ಬೋಲ್ಟುಗಳಿಗೂ ಹಗ್ಗ ಕಟ್ಟಿದಳು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಕೊಕ್ಕೆಗಳ ಬಾಯಿಗೆ ತಿರುಪು ಬಿಗಿದಳು. ತನ್ನನ್ನೂ ಕಟ್ಟಿಕೊಂಡಳು. ಆಮೇಲೆ ನಂಜಪ್ಪನಿಗೆ ಸೊಂಟದ ಪಟ್ಟಿ ಹಾಕಿ, ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿದಳು. ಹೆಲ್ಮೆಟ್ಟು ಅವನ ತಲೆಗೆ ಸಣ್ಣದಾಗಿ ಕಲಶದ ಹಾಗೆ ಕೂತಿತ್ತು. ನಗುವ ಹೊತ್ತಲ್ಲವೆಂದು ತುಟಿ ಕಚ್ಚಿಕೊಂಡಳು.

ಭಯವಾದರೆ ನಂಜಪ್ಪನಿಗೆ ಮಾತು ಜಾಸ್ತಿ. ಗೌರಿಯ ಕೆಚ್ಚಲು ತುಂಬಿಬಿಟ್ಟಿದೆ, ಬೆಳಿಗ್ಗೆ ಹಿಂಡಿ ಮುಟ್ಟಲಿಲ್ಲ, ಬಾಲದ ಬುಡ ಸಡಿಲವಾಗಿದೆ, ಇವತ್ತೇ ಕರು ಗ್ಯಾರಂಟಿ, ಗೂಟಕ್ಕೆ ಕಟ್ಟಿದ್ದು ಸರಿಯಾಗಿದೆಯೋ ಇಲ್ಲವೋ ಎಂದು ಒಂದೇ ಸಮನೆ ಶುರುಮಾಡಿದ. ಚಲುವಮ್ಮನೂ ಹಗ್ಗ ತಿರುಗಿಸುತ್ತ, ಕಲಗಚ್ಚು ಕುಡಿಯಿತೇ, ಹುಲ್ಲು ಹಾಸಿ ಬಂದಿರೇ ಎಂದು ಕೇಳುತ್ತ ಹೋದಳು. ಮಾತು ಕೊಟ್ಟಿಗೆಯಲ್ಲಿತ್ತು, ಕೈ ಬಂಡೆಯ ಮೇಲಿತ್ತು. ಗಂಟು ಮುಗಿಯಿತು. ಪ್ರಿಯಾಂಕ ಬಂದಳು, ಬಗ್ಗಿ ಗಂಟಿಗೆ ಬೆರಳ ತುದಿ ತಾಗಿಸಿ, ದೊಡ್ಡವರ ಕಾಲು ಮುಟ್ಟಿ ನಮಸ್ಕರಿಸಿದ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡು, ಸರಿ ಎಂದು ಕೂಗಿದಳು. ಕೆಳಗಿನಿಂದ ರಘುನಂದನ್ ಸೀಟಿ ಊದಿದ. ಬಿಡಬಹುದು.

ನಂಜಪ್ಪ ಬೆನ್ನು ತಿರುಗಿಸಿ ಅಂಚಿನ ಕಡೆ ಒಂದು ಹೆಜ್ಜೆ ಇಟ್ಟ.

ಆಗ ಚಲುವಮ್ಮನಿಗೆ ಆ ಹುಡುಗಿಯ ಕೈ ಏಕೆ ಅಷ್ಟು ಬೇಗ ಹಿಂದಕ್ಕೆ ಹೋಯಿತು ಎನ್ನಿಸಿತು. ಅನುಮಾನವೂ ಅಲ್ಲ, ಒಂದು ಕಿರಿಕಿರಿ. ನಿಲ್ಲಿ ಎಂದಳು. ನಂಜಪ್ಪನ ಹತ್ತಿರ ಹೋಗಿ, ಕಣ್ಣು ಅವನ ಮುಖದ ಮೇಲೇ ಇಟ್ಟುಕೊಂಡು, ಹೆಬ್ಬೆರಳಿನಿಂದ ಗಂಟಿನ ಪಕ್ಕವನ್ನು ಸವರಿದಳು.

ಕಿವಿ ಸಿಕ್ಕಿತು.

ಇದೇ ಗಂಟು, ಇದೇ ಬೆರಳು. ಬಿಚ್ಚಿದರೆ ಪರೀಕ್ಷೆ ಅಲ್ಲಿಗೆ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೀಟಿ ಊದಿದ ಮೇಲೆ ತಪ್ಪು ಹೊರಬಿದ್ದರೆ ಫೇಲು ಎಂದು ರಘುನಂದನ್ ಮೊದಲೇ ಹೇಳಿದ್ದ. ಮೇಲಿನ ಗಂಟು ಕೆಳಗಿದ್ದವನಿಗೆ ಕಾಣಿಸುತ್ತಿರಲಿಲ್ಲ. ನಂಜಪ್ಪ ಜಗ್ಗಿದರೂ ಅದು ಬಿಚ್ಚುವುದಿಲ್ಲ, ಬಾಲ ಎಳೆದರೆ ಮಾತ್ರ ಬಿಚ್ಚುತ್ತದೆ, ಯಾರು ಎಳೆಯುತ್ತಾರೆ? ಹೀಗೆಲ್ಲ ಯೋಚಿಸಲು ಅವಳು ತೆಗೆದುಕೊಂಡದ್ದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಬಾಲ ಹಿಡಿದು ಎಳೆದಳು. ಗಂಟು ಸರ್ರನೆ ಬಿಚ್ಚಿ ಕೈಗೆ ಬಂತು.

ಪ್ರಿಯಾಂಕಳ ಮುಖ ಬಿಳಿಚಿಹೋಯಿತು. ನೀವು ಕಟ್ಟಿದ್ದಲ್ವಾ ಅಕ್ಕ, ನಾನು ಎಳೆದು ನೋಡೋದು ಹೇಗೆ ಅನ್ನಿಸಿತು ಎಂದು ತೊದಲಿದಳು.

"ನಾನು ಕಟ್ಟಿದ್ದು ಅಂತ್ಲೇ ಎಳೀಬೇಕು ಕಣವ್ವ," ಎಂದಳು ಚಲುವಮ್ಮ. "ದೊಡ್ಡೋರು ಅಂತ ಬುಟ್ರೆ ದೊಡ್ಡೋರೇ ಬಿದ್ದೋಗ್ತಾರೆ."

ತಪ್ಪು ಗಂಟು ಸಿಕ್ಕಿದೆ, ಮತ್ತೆ ಕಟ್ಟುತ್ತಿದ್ದೇನೆ ಎಂದು ಕೆಳಕ್ಕೆ ಕೂಗಿ ಹೇಳಿದಳು. ನಂಜಪ್ಪನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದಳು, ಅವನು ಮದುವೆಯಾದ ಮೇಲೆ ಮೊದಲ ಸಲ ಮುಚ್ಚಿಕೊಂಡ. ಎಂಟು ತಿರುಗಿಸಿದಳು, ತೂರಿಸಿದಳು, ತುದಿಯನ್ನು ಬಂದ ದಾರಿಯಲ್ಲೇ ಪೂರ್ತಿ ನಡೆಸಿದಳು. ಪ್ರಿಯಾಂಕ ಈ ಸಲ ಕಾಲನ್ನು ಬಂಡೆಗೆ ಒದೆಗೊಟ್ಟು, ಎರಡು ಕೈಯಲ್ಲಿ ಬಾಲ ಹಿಡಿದು, ನಂಜಪ್ಪನೇ ಮುಗ್ಗರಿಸುವ ಹಾಗೆ ಎಳೆದಳು. ಗಂಟು ಅಲ್ಲಾಡಲಿಲ್ಲ. ಸರಿ ಎಂದು ಕೂಗಿದಳು. ತುಸು ತಡವಾಗಿ ಸೀಟಿ ಕೇಳಿಸಿತು.

ಫೇಲಾದರೆ ಆಗಲಿ, ಇಳಿಸುವುದನ್ನಂತೂ ಇಳಿಸುತ್ತೇನೆ ಎಂದು ಚಲುವಮ್ಮ ಹಗ್ಗ ಹಿಡಿದಳು. ತೊಂಬತ್ತು ಕೆ.ಜಿ. ನಂಜಪ್ಪ ಅಂಚಿನಿಂದಾಚೆ ಹೋದ, ಭಾರ ಹಗ್ಗಕ್ಕೆ ಬಂತು, ಕೊಕ್ಕೆಗಳು ಕಿರ್ರೆಂದವು. ಆ ಭಾರ ಅಂಗೈಯಲ್ಲಿ ತಣ್ಣಗೆ, ಗಟ್ಟಿಯಾಗಿ ನಿಂತಾಗ ಅವಳ ಜೀವವೆಲ್ಲ ಕುಣಿಯಿತು. ಮೊಳ ಮೊಳವಾಗಿ ಬಿಟ್ಟಳು. ಹತ್ತು ಅಡಿ, ಹದಿನೈದು. ಅಡ್ಡಿಯಿಲ್ಲ ಕಣಮ್ಮಿ, ಚೆನ್ನಾಗೈತೆ ಎಂದು ಅವನ ದನಿಯೂ ಬಂತು. ಇಪ್ಪತ್ತು ಅಡಿಯ ಅಂಚಿನಲ್ಲಿ ಕಾಲೂರಿ ಸುಧಾರಿಸಿಕೊಳ್ಳಲು ನಿಂತ.

ಆ ಹೊತ್ತಿಗೇ ಪಡುವಣ ಮಗ್ಗುಲಿನಿಂದ ಗುಲಾಬಿ ಬಣ್ಣದ ಹೊಗೆ ಎದ್ದಿತು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಯಾವುದೋ ಊರಿನ ಜೋಡಿ ಬಂದಿದ್ದರು. ಹುಡುಗಿಗೆ ನೆಲ ಗುಡಿಸುವ ಉದ್ದದ ಗೌನು, ಹುಡುಗನ ಕೈಯಲ್ಲಿ ಬಣ್ಣದ ಹೊಗೆ ಉಗುಳುವ ಕೊಳವೆ. ಬೆಟ್ಟದಲ್ಲಿ ಹೊಗೆ ಹಾಕಬಾರದೆಂದು ಬುಡದಲ್ಲಿ ಬೋರ್ಡು ಬರೆದಿದೆ, ಬೋರ್ಡಿಗೇ ಒರಗಿ ಫೋಟೊ ತೆಗೆಸಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ಗಾಳಿ ಹೊಗೆಯನ್ನು ಸೀದಾ ಬಂಡೆಯ ಸೂರಿನಡಿಗೆ ಒಯ್ದಿತು. ಅಲ್ಲಿ ಮೂರು ಹೆಜ್ಜೇನಿನ ಹುಟ್ಟುಗಳಿದ್ದವು.

ಸದ್ದು ಮೊದಲು ಬಂತು, ದೂರದ ಲಾರಿಯ ಸದ್ದಿನ ಹಾಗೆ. ಚಲುವಮ್ಮನಿಗೆ ಆ ಸದ್ದು ಬಾಲ್ಯದಿಂದ ಗೊತ್ತು. ಕೈ ಬೀಸಬೇಡಿ, ಟವೆಲ್ಲು ಮುಖಕ್ಕೆ ಸುತ್ತಿಕೊಳ್ಳಿ, ಬಂಡೆಗೆ ಮುಖ ಮಾಡಿ, ಇಳಿಸುತ್ತಿದ್ದೇನೆ ಎಂದು ಒಂದೊಂದೇ ಮಾತನ್ನು ಬಿಡಿಸಿ ಕೂಗಿದಳು. ಪ್ರಿಯಾಂಕ ತನ್ನ ವೇಲನ್ನು ಅಕ್ಕನ ತಲೆಯ ಮೇಲೆ ಹೊದಿಸಿ ಪಕ್ಕದಲ್ಲೇ ಬಗ್ಗಿ ಕೂತಳು. ಕೆಳಗೆ ರಘುನಂದನ್ ಕಂಬಳಿ ಬಿಡಿಸಿಕೊಂಡು ಓಡಿ ಬಂದ. ಆದರೆ ನಂಜಪ್ಪ ಅಂಚಿನಿಂದ ಕಾಲು ಕೀಳಲೇ ಇಲ್ಲ. ಹಗ್ಗ ಸಡಿಲವಾಯಿತು. ಎರಡು ಸಣ್ಣ ಕುಲುಕಾಟ ಹಗ್ಗದಲ್ಲಿ ಮೇಲಕ್ಕೆ ಬಂದವು, ಗಾಳಕ್ಕೆ ಮೀನು ಮುಟ್ಟಿದ ಹಾಗೆ. ಆಮೇಲೆ ಒಮ್ಮೆಲೇ ಇಡೀ ಭಾರ ಬಂದು ಜಗ್ಗಿತು. ನಂಜಪ್ಪ ಅಂಚಿನಿಂದ ಜಾರಿದ್ದ.

ಹಗ್ಗ ಹಿಡಿಯಿತು. ಚಲುವಮ್ಮನ ಮೊಣಕೈಗೆ ಒಂದು ಹುಳ ಕುಟುಕಿತು, ಕುತ್ತಿಗೆಗೆ ಇನ್ನೊಂದು. ಅವಳು ಕೈ ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಇಪ್ಪತ್ತು ಅಡಿಯನ್ನು ಒಂದೇ ಓಟದಲ್ಲಿ, ಆದರೆ ಮುಗ್ಗರಿಸದೆ, ಬಾವಿಗೆ ತಾಮ್ರದ ಬಿಂದಿಗೆ ಬಿಟ್ಟ ಹಾಗೆ ಬಿಟ್ಟಳು. ಕೆಳಗೆ ಕಂಬಳಿ ಅವನ ಮೇಲೆ ಬಿದ್ದದ್ದನ್ನು ನೋಡಿದ ಮೇಲೆಯೇ ತಾನೂ ವೇಲಿನಡಿಯಲ್ಲಿ ಮುಖ ಅಡಿ ಮಾಡಿ ಮಲಗಿದಳು. ಕಾಲು ಗಂಟೆ ಅಲ್ಲಾಡದೆ ಮಲಗಿದ ಮೇಲೆ ಆ ಸದ್ದು ದೂರ ಸರಿಯಿತು. ಫೋಟೊದವರು ಗೌನು ಎತ್ತಿಕೊಂಡು ರಸ್ತೆಯವರೆಗೆ ಓಡಿದ್ದರು.

ಮೇಕೆದಾರಿಯಲ್ಲಿ ಇಳಿದು ಬಂದಾಗ ನಂಜಪ್ಪ ಹುಣಸೆಮರದ ಕೆಳಗೆ ಕೂತಿದ್ದ. ಮೂರು ಕಡೆ ಕುಟುಕಿತ್ತು, ಒಂದು ತುಟಿ ಊದಿಕೊಂಡಿತ್ತು. ರಘುನಂದನ್ ಮುಳ್ಳುಗಳನ್ನು ಉಗುರಿನಿಂದ ಕೆರೆದು ತೆಗೆದು, ಉಸಿರಾಟ ಸರಿಯಾಗಿದೆಯೇ, ತಲೆ ಸುತ್ತುತ್ತಿದೆಯೇ ಎಂದು ಕೇಳಿ, ಅರ್ಧ ಗಂಟೆ ಅಲ್ಲಾಡಬಾರದೆಂದು ಕೂರಿಸಿದ್ದ.

ಚಲುವಮ್ಮ ರಘುನಂದನ್ ಎದುರು ನಿಂತು, ಮೊದಲ ಗಂಟು ಕೊಟ್ಟಿಗೆ ಗಂಟಾಗಿತ್ತು, ಸೀಟಿ ಆದ ಮೇಲೆ ನನಗೆ ಗೊತ್ತಾಯಿತು ಎಂದಳು. ನಾನು ಎಳೆಯದೆಯೇ ಸರಿ ಎಂದಿದ್ದೆ ಎಂದು ಪ್ರಿಯಾಂಕ ಕಣ್ಣೊರೆಸಿಕೊಂಡಳು. ರಘುನಂದನ್ ಪರೀಕ್ಷೆಯ ಕಾಗದ ತೆಗೆದ. ಪ್ರಿಯಾಂಕಳಿಗೆ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಎಂದ. ಹುಡುಗಿ ತಲೆಯಾಡಿಸಿದಳು, ಅದು ನ್ಯಾಯವೆಂದು ಅವಳಿಗೂ ಗೊತ್ತಿತ್ತು. ಆಮೇಲೆ ಅವನು ಕಾಗದ ಪೆನ್ನು ಎರಡನ್ನೂ ಚಲುವಮ್ಮನ ಕೈಗೆ ಕೊಟ್ಟ.

"ಆದ ತಪ್ಪನ್ನ ನಿಮ್ಮ ಕೈಯಲ್ಲೇ ಬರೀರಿ ಅಕ್ಕ. ಅದರ ಕೆಳಗೆ ನಾನು ಪಾಸು ಅಂತ ಸೈನ್ ಹಾಕ್ತೀನಿ. ಸೀಟಿ ಆದ್ಮೇಲೆ ಹೊರಬಿದ್ರೆ ಫೇಲು ಅಂದಿದ್ದೆ. ನೀವೇ ಹೊರಗೆ ಹಾಕ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ."

ಚಲುವಮ್ಮ ಬರೆದಳು. ಏಳನೇ ಕ್ಲಾಸಿನ ಅಕ್ಷರ, ಎರಡು ಸಾಲು. ಅವನು ಸೈನ್ ಹಾಕಿದ. ಅವಳಿಗೆ ಕುಣಿಯಬೇಕೆನ್ನಿಸಿತು, ಮೊಣಕೈ ಉರಿ ಮರೆತೇ ಹೋಯಿತು. ಗೂಳಿಬೆಟ್ಟದಲ್ಲಿ ಹಗ್ಗ ಹಿಡಿಯುವ ಮೊದಲ ಹೆಂಗಸು ನಾನೇ ಎಂದು ಮನೆಯ ದಾರಿಯುದ್ದಕ್ಕೂ ಹೇಳಿಕೊಂಡು ಮುಂದೆ ಮುಂದೆ ನಡೆದಳು. ನಂಜಪ್ಪ ಹಿಂದೆ ಬರುತ್ತಿದ್ದ. ನಾಲೆಯ ಸೇತುವೆಯ ಮೇಲೆ ನಿಂತುಬಿಟ್ಟ. ಅವಳು ತಿರುಗಿ ನೋಡಿದಳು.

"ಎಳ್ದೆ ಕಣಮ್ಮಿ," ಎಂದ.

ಏನನ್ನು ಎಂದು ಕೇಳಿದಳು.

"ಬಾಲ್ವ. ಜೇನು ಬಂದ್ಬುಡ್ತಲ್ಲ, ಪಕ್ಕದಲ್ಲಿ ಒಂದು ಪೊಟರೆ ಕಾಣ್ತು, ಅದ್ರೊಳಿಕ್ಕೆ ನುಗ್ಗವಾ ಅನ್ನುಸ್ತು, ಅಗ್ಗ ಬುಡ್ಲಿಲ್ಲ. ಬೆಂಕಿ ಬಿದ್ರೆ ಹಸಾ ಬಿಚ್ಚಲ್ವಾ, ಅಂಗೆ ಕೈ ಓಯ್ತು. ಎಲ್ಡು ಸಲ ಎಳ್ದೆ. ಬಿಚ್ಲೇ ಇಲ್ಲ. ಆಮೇಕೆ ಕಾಲು ಜಾರ್ತು."

ಹಗ್ಗದಲ್ಲಿ ಬಂದ ಆ ಎರಡು ಕುಲುಕಾಟ ಚಲುವಮ್ಮನ ಅಂಗೈಗೆ ಈಗ ಮತ್ತೆ ಬಂತು. ಸೇತುವೆಯ ಕಟ್ಟೆಯ ಮೇಲೆ ಕೂತು, ಅವನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಳು. ನಂಜಪ್ಪ ಊದಿದ ತುಟಿಯಲ್ಲೇ, ಗೌರಿ ಕರು ಹಾಕಿರುತ್ತೆ ನಡಿ ಎಂದ. ಗೌರಿ ಕರು ಹಾಕಿದ್ದು ಇನ್ನೂ ನಾಲ್ಕು ದಿನ ಬಿಟ್ಟು.

ಈಗ ಭಾನುವಾರ ಗೂಳಿಬೆಟ್ಟಕ್ಕೆ ಹೋದರೆ ಹಳದಿ ಹೆಲ್ಮೆಟ್ಟಿನ ಚಲುವಮ್ಮ ಸಿಗುತ್ತಾಳೆ, ಪಕ್ಕದಲ್ಲಿ ಎರಡನೆಯ ಸಲಕ್ಕೆ ಪಾಸಾದ ಪ್ರಿಯಾಂಕ. ಗಂಟು ಕಟ್ಟಿ, ಪ್ರಿಯಾಂಕ ಎಳೆದು ನೋಡಿ ಸರಿ ಎಂದ ಮೇಲೂ ಅಂಚಿನಿಂದಾಚೆ ಬಿಡುವುದಿಲ್ಲ. ಬಾಲವನ್ನು ಇಳಿಯುವವರ ಕೈಗೇ ಕೊಡುತ್ತಾಳೆ. ಪ್ರಾಣ ಹೋಗುವ ಭಯದಲ್ಲಿ ಎಳೆದ ಹಾಗೆ ಎಳೆಯಿರಿ ಎನ್ನುತ್ತಾಳೆ. ಮೆಲ್ಲಗೆ ಎಳೆದವರನ್ನು ಇನ್ನೊಂದು ಸಲ ಎಳೆಸುತ್ತಾಳೆ. ಯಾಕೆಂದು ಕೇಳಿದರೆ, ಹಾಲಿನ ಕ್ಯಾನಿಟ್ಟುಕೊಂಡು ಹುಣಸೆಮರದ ಕೆಳಗೆ ಕೂತಿರುವ ದಪ್ಪ ಮನುಷ್ಯನನ್ನು ಒಮ್ಮೆ ನೋಡುತ್ತಾಳೆ.